ಪುಟ್ಟ ಸ್ಪೋರ್ಟ್ಸ್ ಕಾರು: ಮೊದಲು ಗಾಜು, ಆಮೇಲೆ ಗೆರೆ

ಹಳೆಯ ಶೈಲಿಯ ಸ್ಪೋರ್ಟ್ಸ್ ಕಾರನ್ನು ಸ್ವಂತವಾಗಿ ರೂಪಿಸಲು ಹೊರಟವರು ತರುವ ಚಿತ್ರಗಳಲ್ಲಿ ದುಂಡು ದೀಪ, ಕ್ರೋಮ್ ಪಟ್ಟಿ, ಕಡ್ಡಿಗಳ ಚಕ್ರ ತಪ್ಪದೆ ಇರುತ್ತವೆ. ಆದರೂ ಕಾರಿಗೆ ಆ ಕಾಲದ ಕಳೆ ಬಂದಿರುವುದಿಲ್ಲ. ಆ ಕಳೆ ಇರುವುದು ಅಳತೆಗಳಲ್ಲಿ. 1962ರ ಲೋಟಸ್ ಎಲಾನ್ ಸುಮಾರು 1.42 ಮೀಟರ್ ಅಗಲವಿತ್ತು. ಅದೇ ಜಾಡಿನಲ್ಲಿ 1989ರಲ್ಲಿ ಬಂದ ಮಾಜ್ಡಾ ಎಂಎಕ್ಸ್-5 ಅಗಲ ಸುಮಾರು 1.68 ಮೀಟರ್. ಒಂದು ಗೇಣಿಗೂ ಮಿಕ್ಕಿದ ವ್ಯತ್ಯಾಸ! ಪಕ್ಕದ ಡಿಕ್ಕಿಯನ್ನು ತಡೆಯಲು ಬಾಗಿಲು ದಪ್ಪವಾಗಬೇಕು. ಈಗಿನ ದೊಡ್ಡ ಬ್ರೇಕ್‌ಗಳು ಎಲಾನ್‌ನ 13 ಇಂಚಿನ ಚಕ್ರದೊಳಗೆ ಹಿಡಿಸುವುದು ಕಷ್ಟ. ಹೀಗಿರುವಾಗ ಹಳೆಯ ಆಕಾರವನ್ನೇ ಹಿಗ್ಗಿಸಿದರೆ ಕಾರು ಊದಿಕೊಂಡಂತೆ ಕಾಣುತ್ತದೆ.

ನಾನು ಕೆಲಸ ಶುರು ಮಾಡುವುದು ಮುಂದಿನ ಗಾಜಿನಿಂದ. ಪದರಗಳ ಸುರಕ್ಷತಾ ಗಾಜನ್ನು ಬೇಕಾದ ತಿರುವಿಗೆ ಬಗ್ಗಿಸಲು ಪ್ರತ್ಯೇಕ ಅಚ್ಚು ಬೇಕು, ಪರೀಕ್ಷೆ ಬೇಕು, ಮಾನ್ಯತೆಯ ಗುರುತು ಬೇಕು. ಬೆರಳೆಣಿಕೆಯ ಕಾರು ಕಟ್ಟುವವರಿಗೆ ಆ ಖರ್ಚು ಎಟುಕುವುದಿಲ್ಲ. ಹಾಗಾಗಿ ಈಗಾಗಲೇ ತಯಾರಾಗುತ್ತಿರುವ ಯಾವುದೋ ಕಾರಿನ ಗಾಜನ್ನೇ ಆರಿಸಿಕೊಳ್ಳಬೇಕಾಗುತ್ತದೆ. ಅದನ್ನು ಆರಿಸಿದ ಗಳಿಗೆಯಲ್ಲೇ ಒಳಾಂಗಣದ ಅಗಲ, ಕಂಬಗಳ ಜಾಗ, ಡ್ಯಾಶ್‌ಬೋರ್ಡಿನ ಬಾಗು ಎಲ್ಲವೂ ಮುಕ್ಕಾಲು ಪಾಲು ನಿರ್ಧಾರವಾದಂತೆಯೇ. ಪ್ಲೈವುಡ್ಡಿನಲ್ಲಿ ಸೀಟು, ಸ್ಟೀರಿಂಗ್, ಪೆಡಲ್‌ಗಳ ಚೌಕಟ್ಟು ಕಟ್ಟಿ ಗಾಜನ್ನು ಅದರ ಮುಂದೆ ನಿಲ್ಲಿಸಿ, ಎತ್ತರದ ವ್ಯಕ್ತಿಯೊಬ್ಬರನ್ನು ಕೂರಿಸಿ. ಗಾಜಿನ ಮೇಲಂಚು ಅವರ ಕಣ್ಣಿನ ನೇರಕ್ಕೆ ಬಂದರೆ ಸಿಗ್ನಲ್ ದೀಪವೇ ಕಾಣುವುದಿಲ್ಲ. ಅದನ್ನು ತಪ್ಪಿಸಲು ಗಾಜನ್ನು ನೆಟ್ಟಗೆ ಮಾಡಿದರೆ ಅಂಚು ಮೇಲೇರುತ್ತದೆ, ಕಾರಿನ ಗಿಡ್ಡ ನಿಲುವು ಹಾಳಾಗುತ್ತದೆ. ಸೀಟನ್ನು ತಗ್ಗಿಸಿ, ಬೆನ್ನನ್ನು ಇನ್ನಷ್ಟು ಹಿಂದಕ್ಕೆ ಒರಗಿಸಿ ಮತ್ತೆ ನೋಡಬೇಕು. ಈ ಹಗ್ಗಜಗ್ಗಾಟಕ್ಕೆ ಎಷ್ಟು ಸಮಯ ಕೊಟ್ಟರೂ ಕಡಿಮೆಯೇ.

ಎಂಜಿನ್ ವಿಷಯದಲ್ಲಿ ದಾರಿ ಸುಲಭ. 1966ರ ಲೋಟಸ್ ಯೂರೋಪಾ, ಮುಂದಿನ ಚಕ್ರಗಳನ್ನು ಓಡಿಸುತ್ತಿದ್ದ ರೆನೋ 16ರ ಎಂಜಿನ್ ಮತ್ತು ಗೇರ್‌ಬಾಕ್ಸನ್ನು ಹಿಂದುಮುಂದಾಗಿ ತಿರುಗಿಸಿ ಸೀಟಿನ ಹಿಂದೆ ಕೂರಿಸಿತು. ಹಾಗೆ ತಿರುಗಿಸಿದರೆ ಚಕ್ರಗಳು ಉಲ್ಟಾ ಸುತ್ತುತ್ತವೆ. ಅದಕ್ಕಾಗಿ ಗೇರ್‌ಬಾಕ್ಸಿನೊಳಗಿನ ಕ್ರೌನ್ ವೀಲನ್ನು, ಅಂದರೆ ಚಕ್ರಗಳಿಗೆ ಓಟ ಮುಟ್ಟಿಸುವ ದೊಡ್ಡ ಹಲ್ಲುಗಾಲಿಯನ್ನು, ಇನ್ನೊಂದು ಬದಿಗೆ ಸರಿಸಬೇಕಾಯಿತು. ಇಂದಿನ ಸಣ್ಣ ಕಾರುಗಳಲ್ಲಿ ಎಂಜಿನ್ ಅಡ್ಡಲಾಗಿ ಇರುವುದರಿಂದ ಅದನ್ನು ತಿರುಗಿಸದೆ ಹಾಗೆಯೇ ಸೀಟಿನ ಹಿಂದಕ್ಕೆ ಸರಿಸಬಹುದು, ಆ ತಾಪತ್ರಯವೂ ಇಲ್ಲ.

ದೀಪಗಳ ನಿಯಮವೊಂದು ನನಗೆ ಬಹಳ ಇಷ್ಟ. ಹಲವು ದೇಶಗಳು ಪಾಲಿಸುವ ವಿಶ್ವಸಂಸ್ಥೆಯ ವಾಹನ ನಿಯಮದ ಪ್ರಕಾರ ಹೆಡ್‌ಲೈಟಿನ ಡಿಪ್ ದೀಪ ನೆಲದಿಂದ ಕನಿಷ್ಠ 500 ಮಿಲಿಮೀಟರ್ ಎತ್ತರದಲ್ಲಿರಬೇಕು. ಬಾನೆಟ್ ತಗ್ಗಿನಲ್ಲಿದ್ದರೆ ದೀಪ ಹೊತ್ತ ಫೆಂಡರ್ (ಚಕ್ರದ ಮೇಲಿನ ಮೈಭಾಗ) ಅದಕ್ಕಿಂತ ಉಬ್ಬಲೇಬೇಕು. ಚಾಲಕನ ಸೀಟಿನಿಂದ ಕಾಣುವ ಆ ಎರಡು ಉಬ್ಬುಗಳೇ ಅರವತ್ತರ ದಶಕದ ಕಾರುಗಳ ಸೊಗಸು. 1958ರ ಆಸ್ಟಿನ್-ಹೀಲಿ ಸ್ಪ್ರೈಟ್‌ಗೆ ಮಡಚಿಕೊಳ್ಳುವ ದೀಪಗಳನ್ನು ಯೋಚಿಸಲಾಗಿತ್ತು. ಖರ್ಚು ಉಳಿಸಲು ಅದನ್ನು ಕೈಬಿಟ್ಟು ದೀಪಗಳನ್ನು ಬಾನೆಟ್ ಮೇಲೆಯೇ ಕೂರಿಸಿದರು. ಜನ ಇಂದಿಗೂ ಆ ಕಾರನ್ನು ಗುರುತಿಸುವುದು ಅದರ ಕಪ್ಪೆಗಣ್ಣುಗಳಿಂದ.

ಇನ್ನು ಕಾರಿನ ಮೈಯ ಜೇಡಿಮಣ್ಣಿನ ಮಾದರಿಯನ್ನು ನಯಗೊಳಿಸುವ ಮೊದಲೇ, ಅದರ ಮೇಲೆ ತೆಗೆಯುವ ಫೈಬರ್‌ಗ್ಲಾಸ್ ಅಚ್ಚು ಎಲ್ಲಿ ಬೇರೆಯಾಗಬೇಕೆಂದು ಗೆರೆ ಎಳೆದಿಡಿ. ಫೆಂಡರ್ ಒಳಮುಖವಾಗಿ ಹೊರಳಿದ ಕಡೆ ಇಡಿಯ ಅಚ್ಚು ಕಳಚಿ ಬರುವುದಿಲ್ಲ. ಅಲ್ಲಿ ಎರಡು ತುಂಡಿನ ಅಚ್ಚು ಮಾಡಿ, ಜೋಡಣೆಯ ಗೆರೆಯನ್ನು ಬಾನೆಟ್ಟಿನ ಅಂಚಿಗೆ ತಂದು ಸೇರಿಸಿ.