ವ್ಯಾಫ್ ಟೆಸ್ಟ್: ಮೊದಲು ಒರಿಜಿನ್ ನೋಡಿ

ಕ್ಲೌಡ್ ವ್ಯಾಫ್, ಅಂದರೆ ಸೈಟಿಗೆ ಬರುವ ರಿಕ್ವೆಸ್ಟ್‌ಗಳಲ್ಲಿ ದಾಳಿಯನ್ನು ಸೋಸುವ ವೆಬ್ ಅಪ್ಲಿಕೇಶನ್ ಫೈರ್‌ವಾಲ್, ಹಾಕಿಸಿಕೊಂಡವರು ಟೆಸ್ಟಿಂಗ್ ಅಂದ ಕೂಡಲೇ ಕೇಳುವುದು ಒಂದೇ: ಎಷ್ಟು ಪೇಲೋಡ್ (ದಾಳಿಗೆಂದು ಕಳಿಸುವ ಸಾಲು) ಬ್ಲಾಕ್ ಆಯ್ತು? ನನಗೆ ಅದಕ್ಕಿಂತ ಮುಖ್ಯವಾದದ್ದು, ವ್ಯಾಫ್‌ನ ಕಣ್ಣಿಗೇ ಬೀಳದೆ ರಿಕ್ವೆಸ್ಟ್ ಒಳಗೆ ಹೋಗುತ್ತದಾ ಅನ್ನುವುದು.

ಕ್ಲೌಡ್‌ಫ್ಲೇರ್, ಇಂಪರ್ವಾ ತರಹದ ಸೇವೆಗಳಲ್ಲಿ ಡಿಎನ್‌ಎಸ್ (ಸೈಟಿನ ಹೆಸರನ್ನು ಐಪಿ ವಿಳಾಸಕ್ಕೆ ಜೋಡಿಸುವ ದಾಖಲೆ) ಬದಲಿಸಿ ಟ್ರಾಫಿಕ್ಕನ್ನು ಮೊದಲು ಅವರ ಸರ್ವರ್‌ಗೆ ಕಳಿಸುತ್ತೇವೆ. ಅಲ್ಲಿ ಸೋಸಿದ್ದು ಸೈಟ್ ನಿಜವಾಗಿ ಓಡುವ ನಮ್ಮ ಒರಿಜಿನ್ ಸರ್ವರ್‌ಗೆ ಬರುತ್ತದೆ. ಆದರೆ ಒರಿಜಿನ್‌ಗೂ ಒಂದು ಐಪಿ ಇದ್ದೇ ಇರುತ್ತದೆ, ಅಲ್ವಾ? ಹಳೆಯ ಡಿಎನ್‌ಎಸ್ ದಾಖಲೆ, ಸೈಟ್ ಸರ್ಟಿಫಿಕೇಟ್‌ಗಳ ಸಾರ್ವಜನಿಕ ಲಾಗ್, ಯಾರೋ ಮರೆತುಬಿಟ್ಟ ಸ್ಟೇಜಿಂಗ್ (ಪ್ರಯೋಗದ) ಸಬ್‌ಡೊಮೈನ್, ಸೈಟ್ ಕಳಿಸುವ ಇಮೇಲ್‌ನ ಹೆಡರ್: ಎಲ್ಲಿಂದಲಾದರೂ ಅದು ಹೊರಬೀಳಬಹುದು. ಸಿಕ್ಕಿದರೆ ಕರ್ಲ್ ಎಂಬ ಕಮಾಂಡ್ ಟೂಲ್‌ನಲ್ಲಿ ರಿಸಾಲ್ವ್ ಆಪ್ಷನ್ ಕೊಟ್ಟು, ಸೈಟಿನ ಹೆಸರನ್ನು ನೇರವಾಗಿ ಆ ಐಪಿಗೆ ಕಟ್ಟಿ ಒಂದು ರಿಕ್ವೆಸ್ಟ್ ಬಿಡುತ್ತೇನೆ. ಹೋಮ್‌ಪೇಜ್ ಬಂತೋ, ರೂಲ್ ಎಷ್ಟೇ ಚೆನ್ನಾಗಿರಲಿ, ವ್ಯಾಫ್ ಲೆಕ್ಕಕ್ಕಿಲ್ಲ.

‘ವ್ಯಾಫ್ ಕಂಪನಿಯ ಐಪಿಗಳಿಗೆ ಮಾತ್ರ ದಾರಿ ಬಿಟ್ಟಿದ್ದೇವೆ’ ಅನ್ನುವವರೂ ನಿಶ್ಚಿಂತೆಯಾಗಿ ಇರುವಂತಿಲ್ಲ. ಕೆಲವು ಕಂಪನಿಗಳಲ್ಲಿ ಯಾರು ಬೇಕಾದರೂ ಖಾತೆ ತೆರೆದು, ತಮ್ಮ ಡೊಮೈನನ್ನು ನಿಮ್ಮ ಒರಿಜಿನ್ ಕಡೆ ತಿರುಗಿಸಿ, ತಮ್ಮ ಖಾತೆಯಲ್ಲಿ ರೂಲ್‌ಗಳನ್ನೆಲ್ಲ ಆಫ್ ಮಾಡಿಬಿಡಬಹುದು. ನಿಮ್ಮ ಸರ್ವರ್‌ಗೆ ಕಾಣುವುದು ಅದೇ ನಂಬಿಕೆಯ ಐಪಿ. ಅದಕ್ಕೇ ನಿಮ್ಮ ಖಾತೆಗೆ ಮಾತ್ರ ಸೇರಿದ ಕ್ಲೈಂಟ್ ಸರ್ಟಿಫಿಕೇಟೋ, ಗುಟ್ಟಿನ ಹೆಡರೋ ಬೇಕು. ಸರ್ವರ್ ಒಳಗಿನಿಂದಲೇ ವ್ಯಾಫ್ ಕಂಪನಿಗೆ ಟನಲ್ (ಖಾಸಗಿ ಸಂಪರ್ಕ) ಹಾಕಿ ಹೊರಗಿನ ಪೋರ್ಟ್ ಮುಚ್ಚಿದರೆ ಇನ್ನೂ ಒಳ್ಳೆಯದು.

ಆಮೇಲೆ ಗಾತ್ರ. ಅಮೆಜಾನ್‌ನ ಎಡಬ್ಲ್ಯುಎಸ್ ವ್ಯಾಫ್, ಟ್ರಾಫಿಕ್ ಹಂಚುವ ಅಪ್ಲಿಕೇಶನ್ ಲೋಡ್ ಬ್ಯಾಲೆನ್ಸರ್ ಮುಂದೆ ಕೂತಾಗ ರಿಕ್ವೆಸ್ಟ್ ಬಾಡಿಯ (ಕಳಿಸಿದ ಡೇಟಾದ) ಮೊದಲ 8 ಕಿಲೋಬೈಟ್ ಮಾತ್ರ ಓದುತ್ತದೆ. ಅವರದೇ ಕಂಟೆಂಟ್ ವಿತರಣಾ ಸೇವೆ ಕ್ಲೌಡ್‌ಫ್ರಂಟ್ ಮುಂದೆ ಮಾಮೂಲಾಗಿ 16, ಜಾಸ್ತಿ ಅಂದರೆ 64. ಟೆಸ್ಟ್ ತುಂಬಾ ಸುಲಭ. ಆಗಲೇ 403 (ತಡೆ) ಕೊಟ್ಟ ಪೇಲೋಡನ್ನೇ ತೆಗೆದುಕೊಳ್ಳಿ, ಅದರ ಮುಂದೆ ಇನ್ನೊಂದು ಫೀಲ್ಡಿನಲ್ಲಿ ಸುಮ್ನೆ ಅಕ್ಷರ ತುಂಬಿಸಿ, ಮತ್ತೆ ಕಳಿಸಿ. ಈ ಸಲ 200 (ಸರಿ) ಬಂದರೆ ವ್ಯಾಫ್ ಪೂರ್ತಿ ಓದಿಲ್ಲ ಅಂತ ಅರ್ಥ. ತಮಾಷೆ ಏನೆಂದರೆ, 8 ಕಿಲೋಬೈಟ್ ಮೀರಿದ ಬಾಡಿಯನ್ನು ತಡೆಯುವ ರೂಲ್ ಅವರ ಕಾಮನ್ ರೂಲ್ ಸೆಟ್‌ನಲ್ಲೇ ಇದೆ. ಫೈಲ್ ಅಪ್‌ಲೋಡ್ ಕೆಟ್ಟಿತು ಅಂತ ಟೀಮಿನವರು ಅದನ್ನು ತಡೆಯದೆ ಬರೀ ಎಣಿಸುವ ಕೌಂಟ್ ಮೋಡ್‌ಗೆ ಹಾಕಿರುತ್ತಾರೆ. ಅಪ್‌ಲೋಡ್ ಆಗುವ ದಾರಿಗೆ ಮಾತ್ರ ವಿನಾಯಿತಿ ಕೊಟ್ಟು ಉಳಿದ ಕಡೆ ಬ್ಲಾಕ್‌ನಲ್ಲೇ ಇಡಿ.

ಪೇಲೋಡ್ ಆಟ ಇದಾದ ಮೇಲೆ. ಅದೂ ಬೇಕು. 2022ರ ಡಿಸೆಂಬರ್‌ನಲ್ಲಿ ಭದ್ರತಾ ಕಂಪನಿ ಕ್ಲಾರೋಟಿಯ ಸಂಶೋಧಕರು ಎಸ್‌ಕ್ಯುಎಲ್ ಇಂಜೆಕ್ಷನ್‌ಗೆ (ಡೇಟಾಬೇಸ್‌ಗೆ ಕಳ್ಳ ಆದೇಶ ತೂರಿಸುವ ದಾಳಿಗೆ) ಜೇಸನ್ ಎಂಬ ಡೇಟಾ ರೂಪದ ಸಿಂಟ್ಯಾಕ್ಸ್ ಸೇರಿಸಿ ಐದು ದೊಡ್ಡ ಕಂಪನಿಗಳ ವ್ಯಾಫ್ ದಾಟಿಸಿದ್ದರು. ಡೇಟಾಬೇಸ್‌ಗಳಿಗೆ ಆ ಭಾಷೆ ಎಷ್ಟೋ ವರ್ಷಗಳಿಂದ ಗೊತ್ತಿತ್ತು, ವ್ಯಾಫ್‌ಗಳಿಗೆ ಗೊತ್ತಿರಲಿಲ್ಲ. ಐದೂ ಕಂಪನಿಗಳು ಆಮೇಲೆ ಸರಿಮಾಡಿಕೊಂಡವು.

ಹಾಗಂತ ಹೊಸ ರೂಲ್ ಬರೆದ ಕೂಡಲೇ ಬ್ಲಾಕ್‌ಗೆ ಹಾಕಬೇಡಿ. 2019ರ ಜುಲೈ 2ರಂದು ಕ್ಲೌಡ್‌ಫ್ಲೇರ್‌ನ ಹೊಸ ವ್ಯಾಫ್ ರೂಲ್ ಒಂದರ ರೆಜೆಕ್ಸ್ (ಪಠ್ಯದಲ್ಲಿ ಮಾದರಿ ಹುಡುಕುವ ಸೂತ್ರ) ಎಲ್ಲ ಕಡೆ ಸಿಪಿಯು ತಿಂದುಹಾಕಿ, ಸುಮಾರು 27 ನಿಮಿಷ ಎಷ್ಟೋ ಸೈಟ್‌ಗಳು 502 ಎರರ್ ತೋರಿಸಿದವು. ಅದೂ ಬ್ಲಾಕ್ ಮಾಡದೆ ಸುಮ್ನೆ ಗಮನಿಸುವ ಮೋಡ್‌ನಲ್ಲಿದ್ದ ರೂಲ್. ಹಾಗಾಗಿ ಸ್ಟೇಜಿಂಗ್‌ನಲ್ಲಿ ಸಿಪಿಯು ನೋಡಿ, ಆಮೇಲೆ ಕೌಂಟ್, ಆಮೇಲೆ ಬ್ಲಾಕ್. ಕೌಂಟ್‌ನಲ್ಲಿಟ್ಟ ಪ್ರತಿ ರೂಲ್‌ಗೂ ಒಬ್ಬರ ಹೆಸರು, ಒಂದು ಕೊನೆಯ ದಿನಾಂಕ ಬರೆದಿಡಿ. ಟೆಸ್ಟ್‌ಗೆ ಬರುವವರಿಗೆ ಲಿಖಿತ ಅನುಮತಿಯ ಜೊತೆ ಆ ಪಟ್ಟಿಯನ್ನೂ ಕೊಡಿ.