ಅಂಗಡಿಗೆ ಕ್ಯಾಮೆರಾ ಹಾಕಿಸಿದರೆ ಸಾಕಾ?

ಪ್ರಶ್ನೆ: ನಮ್ಮದು ಪೇಟೆ ಬೀದಿಯಲ್ಲಿ ಸಣ್ಣ ಎಲೆಕ್ಟ್ರಿಕಲ್ ಅಂಗಡಿ. ಪಕ್ಕದ ರಸ್ತೆಯಲ್ಲಿ ಕಳ್ಳತನವಾದ ಮೇಲೆ ನಾಲ್ಕು ಕ್ಯಾಮೆರಾ ಹಾಕಿಸಿದ್ದೇನೆ. ಇನ್ಶೂರೆನ್ಸ್ ಕೂಡ ಇದೆ. ಇಷ್ಟು ಸಾಕಲ್ವಾ?

ಉತ್ತರ: ಸಾಲದು. ಮಂಕಿ ಕ್ಯಾಪ್ ಹಾಕಿಕೊಂಡು ಬಂದವನಿಗೆ ಕ್ಯಾಮೆರಾ ಕಂಡರೆ ಅಂಥ ಭಯವೇನೂ ಇರುವುದಿಲ್ಲ. ಅಂಗಡಿಗೆ ಕನ್ನ ಹಾಕುವವರಿಗೆ ಬೇಕಿರುವುದು ಯಾರೂ ನೋಡದ ಐದು ಹತ್ತು ನಿಮಿಷ. ಅಷ್ಟರೊಳಗೆ ಬಾಗಿಲು ತೆರೆಯದಿದ್ದರೆ, ಸದ್ದು ಜಾಸ್ತಿ ಆದರೆ, ಬಿಟ್ಟು ಹೋಗುವ ಸಾಧ್ಯತೆಯೇ ಹೆಚ್ಚು. ಅದಕ್ಕೇ ಯಾರು ಕೇಳಿದರೂ ನಾನು ಹೇಳುವುದು ಒಂದೇ: ದುಡ್ಡು ಮೊದಲು ಶಟರ್‌ಗೆ ಹಾಕಿ, ಆಮೇಲೆ ಕ್ಯಾಮೆರಾಕ್ಕೆ.

ಇವತ್ತು ರಾತ್ರಿ ಬೀಗ ಹಾಕಿದ ಮೇಲೆ ಶಟರ್‌ನ ನಡುಭಾಗ ಹಿಡಿದು ಮೇಲಕ್ಕೆ ಎಳೆದು ನೋಡಿ. ಎರಡು ಬದಿಯಲ್ಲಿ ಮಾತ್ರ ಬೀಗವಿದ್ದರೆ ನಡುವೆ ಬೆರಳು ತೂರುವಷ್ಟು ಸಂದಿ ಬಿಡುತ್ತದೆ. ಆ ಸಂದಿಗೆ ಹಾರೆಯನ್ನೋ ಕಾರಿನ ಜಾಕನ್ನೋ ಕೊಟ್ಟು ಮೀಟುತ್ತಾರೆ. ತಗಡು ಬಿಲ್ಲಿನ ಹಾಗೆ ಬಾಗಿ ಒಬ್ಬ ನುಸುಳುವಷ್ಟು ಜಾಗವಾಗುತ್ತದೆ. ಬೆಳಗ್ಗೆ ಬಂದು ನೋಡಿದರೆ ಎರಡೂ ಬೀಗ ಹಾಕಿದ ಹಾಗೇ ಇರುತ್ತವೆ! ಇದಕ್ಕೆ ಪರಿಹಾರ ನಡುವೆ ಒಂದು ಸೆಂಟರ್ ಲಾಕ್. ಅದು ಸೇರುವ ಕೊಂಡಿಯನ್ನು ನೆಲದ ಕಾಂಕ್ರೀಟಿನೊಳಗೆ ಆಳವಾಗಿ ಹೂಳಿಸಿ. ಮೇಲುಮೇಲೆ ಗಾರೆಯಲ್ಲಿ ಕೂರಿಸಿದ ಕೊಂಡಿ ನಾಲ್ಕು ಏಟಿಗೆ ಕಿತ್ತು ಬರುತ್ತದೆ. ಶಟರ್ ಹಿಂದೆ ಎಳೆದು ಹಾಕುವ ಕಬ್ಬಿಣದ ಗೇಟ್ ಇದ್ದರಂತೂ ಇನ್ನೂ ಒಳ್ಳೆಯದು. ಹಳೆಯ ಕಟ್ಟಡವಾದರೆ ಮಾಡನ್ನೂ ಒಮ್ಮೆ ನೋಡಿ. ಹೆಂಚು ಸರಿಸಿ, ಶೀಟ್ ಬಿಚ್ಚಿ ಇಳಿಯುವವರೂ ಇದ್ದಾರೆ.

ಗಲ್ಲಾದಲ್ಲಿ ರಾತ್ರಿ ದುಡ್ಡು ಇಡಲೇಬೇಡಿ. ಖಾಲಿ ಮಾಡಿ, ಬಾಯಿ ತೆರೆದೇ ಬಿಡಿ. ಒಡೆಯುವ ಕೆಲಸವಾದರೂ ತಪ್ಪುತ್ತದೆ.

ಇನ್ನು ಕ್ಯಾಮೆರಾ. ಎಷ್ಟೋ ಕಡೆ ಕಳ್ಳರು ಹೋಗುವಾಗ ದೃಶ್ಯ ರೆಕಾರ್ಡ್ ಆಗುವ ಡಿವಿಆರ್ ಪೆಟ್ಟಿಗೆಯನ್ನೇ ಕಿತ್ತುಕೊಂಡು ಹೋಗಿದ್ದಾರೆ. ಗಲ್ಲಾದ ಪಕ್ಕ, ಟಿವಿ ಕೆಳಗೆ ಇಟ್ಟರೆ ಹುಡುಕುವ ಕೆಲಸವೂ ಇರುವುದಿಲ್ಲ. ಅಟ್ಟದ ಮೇಲೆ, ಬೀಗವಿರುವ ಕಬ್ಬಿಣದ ಪೆಟ್ಟಿಗೆಯಲ್ಲಿಡಿ. ಒಂದು ಕ್ಯಾಮೆರಾದ ರೆಕಾರ್ಡಿಂಗ್ ಆದರೂ ಇಂಟರ್ನೆಟ್ ಮೂಲಕ ಕ್ಲೌಡ್‌ಗೆ, ಅಂದರೆ ಅಂಗಡಿಯಿಂದ ಹೊರಗೆ, ಹೋಗುವಂತಿರಲಿ. ನಾಲ್ಕೂ ಸೂರಿನ ಎತ್ತರದಲ್ಲಿದ್ದರೆ ಬರೀ ಟೋಪಿ ಕಾಣುತ್ತದೆ. ಒಂದನ್ನು ಬಾಗಿಲ ಹತ್ತಿರ ಮುಖದ ಮಟ್ಟಕ್ಕೆ ಇಳಿಸಿ. ಹಾರ್ಡ್ ಡಿಸ್ಕ್ ತುಂಬಿದಂತೆ ಹಳೆಯ ದೃಶ್ಯ ತಾನಾಗಿ ಅಳಿಸಿಹೋಗುತ್ತದೆ, ಎಷ್ಟು ದಿನದ್ದು ಉಳಿಯುತ್ತದೆ ಅಂತ ನೋಡಿಕೊಳ್ಳಿ. ಜನ ಜಾಸ್ತಿ ಸೇರುವ ಜಾಗಗಳಿಗೆ ನಮ್ಮ ರಾಜ್ಯದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ 30 ದಿನದ ರೆಕಾರ್ಡಿಂಗ್ ಕೇಳುತ್ತದೆ. ಸಣ್ಣ ಅಂಗಡಿಗೂ ಅದೇ ಒಳ್ಳೆಯ ಅಳತೆ.

ಇನ್ಶೂರೆನ್ಸ್ ಬಗ್ಗೆ ನೀವು ನಿಶ್ಚಿಂತೆಯಾಗಿರುವುದೇ ನನಗೆ ಚಿಂತೆ. ದಯವಿಟ್ಟು ಪಾಲಿಸಿ ತೆಗೆದು ಓದಿ. ಅಂಗಡಿ ಕಳ್ಳತನದ ಪಾಲಿಸಿಗಳು ಸಾಮಾನ್ಯವಾಗಿ ಬಲವಂತವಾಗಿ ಒಡೆದು ನುಗ್ಗಿದ ಗುರುತು ಕೇಳುತ್ತವೆ. ವ್ಯಾಪಾರದ ಹೊತ್ತಿನಲ್ಲಿ ಗಿರಾಕಿಯಾಗಿ ಬಂದವನು ವೈರ್ ಬಂಡಲ್ ಎತ್ತಿಕೊಂಡು ಹೋದರೆ ಅದಕ್ಕೆ ಹಣ ಬರುವುದಿಲ್ಲ. ಕೆಲಸದವರೇ ತೆಗೆದರೂ ಅಷ್ಟೇ, ಅದಕ್ಕೆ ಬೇರೆ ಪಾಲಿಸಿ ಬೇಕು. ನಗದಿಗೂ ಸಾಮಾನ್ಯವಾಗಿ ಪ್ರತ್ಯೇಕ ರಕ್ಷಣೆ ತೆಗೆದುಕೊಳ್ಳಬೇಕು. ಇನ್ನೊಂದು ವಿಷಯ ಗೊತ್ತಾಗುವುದು ಕ್ಲೇಮ್ ಹಾಕಿದಾಗಲೇ. ಅಂಗಡಿಯಲ್ಲಿ 10 ಲಕ್ಷದ ಮಾಲಿದೆ, ಪ್ರೀಮಿಯಂ ಉಳಿಸಲು 5 ಲಕ್ಷಕ್ಕೆ ಮಾತ್ರ ವಿಮೆ ಮಾಡಿಸಿದ್ದೀರಿ ಅಂದುಕೊಳ್ಳಿ. 2 ಲಕ್ಷದ ಮಾಲು ಹೋದರೆ ಎಷ್ಟೋ ಪಾಲಿಸಿಗಳಲ್ಲಿ ಕೈಗೆ ಬರುವುದು 1 ಲಕ್ಷ. ಅರ್ಧಕ್ಕೆ ವಿಮೆ, ನಷ್ಟದಲ್ಲೂ ಅರ್ಧವೇ. ಹಬ್ಬದ ಸೀಸನ್‌ಗೆ ಸ್ಟಾಕ್ ಏರಿಸಿದಾಗ ವಿಮೆ ಮೊತ್ತವನ್ನೂ ಏರಿಸಿ.

ಒಂದು ವೇಳೆ ಕಳ್ಳತನ ಆಗಿಯೇ ಬಿಟ್ಟರೆ ಒಳಗೆ ಹೋಗಿ ಏನನ್ನೂ ಮುಟ್ಟಬೇಡಿ, ಗುಡಿಸಬೇಡಿ. 112ಕ್ಕೆ ಫೋನ್ ಮಾಡಿ. ವಿಮಾ ಕಂಪನಿಗೂ ಅವತ್ತೇ ತಿಳಿಸಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ‘ಇದು ನಮ್ಮ ವ್ಯಾಪ್ತಿಗೆ ಬರಲ್ಲ’ ಅಂತ ವಾಪಸ್ ಕಳಿಸುವಂತಿಲ್ಲ. ಎಫ್‌ಐಆರ್ ಪ್ರತಿ ನಿಮಗೆ ಉಚಿತವಾಗಿ ಸಿಗಬೇಕು, ಕೇಳಿ ಪಡೆಯಿರಿ. ದೃಶ್ಯದ ತುಣುಕನ್ನು ವಾಟ್ಸಾಪ್ ಮಾಡಿ ಸುಮ್ನಾಗಬೇಡಿ. ಕೋರ್ಟಿಗೆ ಅದರ ಜೊತೆ, ದೃಶ್ಯ ಯಾವ ಉಪಕರಣದಿಂದ ಹೇಗೆ ತೆಗೆದದ್ದು ಅಂತ ಹೇಳುವ ಪ್ರಮಾಣಪತ್ರ ಬೇಕಾಗುತ್ತದೆ, ಆದ್ದರಿಂದ ಡಿವಿಆರ್ ಪೊಲೀಸರ ಕೈ ಸೇರುವವರೆಗೆ ಯಾರೂ ಮುಟ್ಟದಿರಲಿ.

ದೂರಿನಲ್ಲಿ ಹೋದ ಮಾಲಿನ ಪಟ್ಟಿ ಬರೆಯಬೇಕು. ಮೋಟಾರ್, ಡ್ರಿಲ್ಲಿಂಗ್ ಮೆಷಿನ್, ಇನ್ವರ್ಟರ್ ಇಂಥವಕ್ಕೆ ಸೀರಿಯಲ್ ನಂಬರ್ ಇರುತ್ತದಲ್ಲ, ಮಾಲು ಇಳಿಸಿಕೊಂಡ ದಿನವೇ ಬಿಲ್ ಜೊತೆ ಅದರ ಫೋಟೋ ತೆಗೆದು ಮನೆಯವರ ಫೋನಿಗೂ ಕಳಿಸಿಡಿ. ಮಾಲು ಎಲ್ಲೋ ಸಿಕ್ಕಾಗ ಅದು ನಿಮ್ಮದೇ ಅಂತ ತೋರಿಸಲು ಆ ನಂಬರ್ ಬೇಕೇ ಬೇಕು.