ಮೀನಿನ ಹಿಸ್ಟಮಿನ್ ಹಿಡಿಯುವ ಹೊಳೆಯುವ ಕಣಗಳು

ಚೆನ್ನಾಗಿ ಬೇಯಿಸಿದರೆ ಮೀನಿನ ದೋಷವೆಲ್ಲ ಹೋಗುತ್ತದೆ ಎಂಬ ನಂಬಿಕೆ ಹಿಸ್ಟಮಿನ್ ಮುಂದೆ ನಡೆಯುವುದಿಲ್ಲ. ಟ್ಯೂನಾ, ಬಂಗುಡೆ, ಬೂತಾಯಿಯಂಥ ಮೀನುಗಳಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಜಾಸ್ತಿ. ಹಿಡಿದ ಕೂಡಲೇ ಐಸ್ ಹಾಕದಿದ್ದರೆ ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮಿನ್ ಮಾಡಿಬಿಡುತ್ತವೆ. ಆಮೇಲೆ ಕುದಿಸಿ, ಹುರಿಯಿರಿ, ಡಬ್ಬಿಗೆ ತುಂಬಿರಿ, ಅದು ಹೋಗುವುದಿಲ್ಲ. ಮೂಸಿದರೂ ಗೊತ್ತಾಗದೆ ಇರಬಹುದು. ತಿಂದವರಿಗೆ ಮುಖ ಕೆಂಪಾಗುತ್ತದೆ, ತಲೆ ಸಿಡಿಯುತ್ತದೆ, ಮೈ ತುರಿಸುತ್ತದೆ. ಎಷ್ಟೋ ಸಲ ಇದನ್ನು ಅಲರ್ಜಿ ಅಂದುಕೊಳ್ಳುತ್ತಾರೆ.

ಕೋಡೆಕ್ಸ್ ಅಂತರರಾಷ್ಟ್ರೀಯ ಆಹಾರ ಮಾನದಂಡದ ಸುರಕ್ಷತಾ ಮಿತಿ ಕಿಲೋ ಮೀನಿಗೆ 200 ಮಿಲಿಗ್ರಾಂ. ಮಿಶ್ರಣದಲ್ಲಿರುವ ಅಂಶಗಳನ್ನು ಬೇರ್ಪಡಿಸಿ ಅಳೆಯುವ ಪ್ರಯೋಗಾಲಯದ ಎಚ್‌ಪಿಎಲ್‌ಸಿ ಯಂತ್ರ ಇದನ್ನು ನಿಖರವಾಗಿ ಹೇಳುತ್ತದೆ. ಆದರೆ ದುಬಾರಿ ಯಂತ್ರ ಬೇಕು, ಕಲಿತವರು ಬೇಕು. ಮೇಲಾಗಿ ಒಂದೇ ಮೀನಿನ ಒಂದು ಭಾಗದಲ್ಲಿ ಹೆಚ್ಚು, ಇನ್ನೊಂದು ಭಾಗದಲ್ಲಿ ಕಡಿಮೆ ಇರಬಹುದು. ಹಾಗಾಗಿ ಒಂದು ತುಂಡು ನೋಡಿ ಸುಮ್ಮನಾಗುವಂತಿಲ್ಲ, ಹಲವು ತುಂಡು ನೋಡಬೇಕು. ಅಷ್ಟು ಪರೀಕ್ಷೆ ಅಗ್ಗವಾಗಿ, ಬೇಗ ಆಗಬೇಕು, ಅಲ್ವಾ?

ಹೊಳೆಯುವ ನ್ಯಾನೋ ಕಣಗಳು ಬೇಕಾಗುವುದು ಇಲ್ಲೇ. ಅವುಗಳಲ್ಲಿ ಒಂದು ಬಗೆ ಕಾರ್ಬನ್ ಡಾಟ್, ಅಂದರೆ ಇಂಗಾಲದ ಅತಿ ಸಣ್ಣ ಕಣ. ಇವುಗಳ ಗಾತ್ರ ಸಾಮಾನ್ಯವಾಗಿ 10 ನ್ಯಾನೋಮೀಟರ್‌ಗಿಂತ ಕಡಿಮೆ. ನೇರಳಾತೀತ ಬೆಳಕು ಬಿದ್ದರೆ ನೀಲಿ ಅಥವಾ ಹಸಿರಾಗಿ ಹೊಳೆಯುತ್ತವೆ. ಕಣದ ಮೇಲ್ಮೈಗೆ ಹಿಸ್ಟಮಿನ್ ಅಂಟುವಂತೆ ಮಾಡಿದರೆ ಆ ಹೊಳಪು ಬದಲಾಗುತ್ತದೆ. ಹೊಳಪು ಕುಂದುವುದನ್ನು ಅಳೆಯುವುದು ಒಂದು ದಾರಿ. ಆದರೆ ಮೀನಿನ ರಸದಲ್ಲಿರುವ ಬೇರೆ ಏನೋ ಕೂಡ ಬೆಳಕನ್ನು ಮಂಕು ಮಾಡಬಹುದು. ಅದಕ್ಕೇ ನನಗೆ ಇನ್ನೊಂದು ದಾರಿ ಹೆಚ್ಚು ಇಷ್ಟ. ಮೊದಲು ತಾಮ್ರದ ಅಯಾನು ಸೇರಿಸಿ ಕಣವನ್ನು ಮಂಕಾಗಿಸುವುದು. ಹಿಸ್ಟಮಿನ್‌ಗೆ ತಾಮ್ರದ ಮೇಲೆ ಸೆಳೆತ ಜೋರು. ಅದು ತಾಮ್ರವನ್ನು ಕಿತ್ತುಕೊಂಡಾಗ ಕಣ ಮತ್ತೆ ಹೊಳೆಯುತ್ತದೆ.

ತೊಡಕೂ ಇಲ್ಲೇ ಇದೆ. ಹಿಸ್ಟಿಡಿನ್ ಕೂಡ ತಾಮ್ರವನ್ನು ಹಿಡಿಯುತ್ತದೆ, ಅದು ಮೀನಿನಲ್ಲಿ ಹೇರಳ. ಕ್ಯಾಡವರಿನ್, ಪ್ಯುಟ್ರೆಸಿನ್ ಎಂಬ, ಹಿಸ್ಟಮಿನ್ ಜಾತಿಯವೇ ಆದ ಅಮೈನ್‌ಗಳೂ ಮೀನು ಕೆಡುವಾಗ ಹುಟ್ಟುತ್ತವೆ. ಇವನ್ನು ದೂರವಿಡಲು ಕೆಲವರು ಕಣದ ಸುತ್ತ ಪಾಲಿಮರ್ ಪದರ ಬೆಳೆಸಿ, ಅದರಲ್ಲಿ ಹಿಸ್ಟಮಿನ್ ಆಕಾರದ್ದೇ ಗುಳಿಗಳನ್ನು ಬಿಡುತ್ತಾರೆ. ಬೀಗಕ್ಕೆ ತಕ್ಕ ಕೀಲಿಯಂತೆ ಹಿಸ್ಟಮಿನ್ ಅಲ್ಲಿ ಕೂರುತ್ತದೆ.

ಎಷ್ಟು ಸಣ್ಣ ಪ್ರಮಾಣ ಹಿಡಿದೆವು ಎಂಬ ಪೈಪೋಟಿ ನನಗೆ ಅಷ್ಟು ಮುಖ್ಯ ಅನ್ನಿಸುವುದಿಲ್ಲ. 200 ಮಿಲಿಗ್ರಾಂ ಅಂಥ ಸೂಕ್ಷ್ಮ ಪ್ರಮಾಣವೇನಲ್ಲ. ಶುದ್ಧ ನೀರಿಗೆ ಹಿಸ್ಟಮಿನ್ ಬೆರೆಸಿ ಪತ್ತೆ ಮಾಡುವುದು ಸುಲಭ. ಕೊಬ್ಬು, ಪ್ರೋಟೀನ್ ತುಂಬಿದ ಅರೆದ ಮೀನಿನಲ್ಲಿ ಹಿಸ್ಟಮಿನ್ ಒಂದನ್ನೇ ಗುರುತಿಸಿ, ಎಚ್‌ಪಿಎಲ್‌ಸಿ ಕೊಟ್ಟ ಅಂಕಿಗೆ ಪ್ರತಿ ಸಲವೂ ಹೊಂದಬೇಕು. ಹೊಸ ಸೆನ್ಸರ್ ಬಂದಿದೆ ಎಂದಾಗ ನಾನು ಮೊದಲು ಹುಡುಕುವುದು ಆ ಹೋಲಿಕೆಯನ್ನೇ.